ಬೆಟ್ಟದ ಮೇಲಿದ್ದ ಕಾರು

ಮಾವನ ಗ್ಯಾರೇಜಿನಲ್ಲಿ ಅವಳನ್ನು ಎಲ್ಲರೂ ‘ಅನುಮಾನಿ’ ಎಂದೇ ಕರೆಯುತ್ತಿದ್ದರು. ಬಿಗಿದ ಬೋಲ್ಟನ್ನೇ ಮತ್ತೆ ಬಿಗಿದು ನೋಡುವುದು, ಮುಚ್ಚಿದ ಬಾನೆಟ್ಟನ್ನು ಇನ್ನೊಮ್ಮೆ ಎತ್ತಿ ಇಣುಕುವುದು ಅವಳ ಚಾಳಿ. ಸಂಜೆ ಕ್ಲಾಸಿಗೆ ಹೋಗಿ ಕಾರಿನ ಎಲೆಕ್ಟ್ರಿಕ್ ಕೆಲಸ ಕಲಿತು ಬಂದ ಮೇಲೆ ಆ ಚಾಳಿ ಇನ್ನಷ್ಟು ಜಾಸ್ತಿಯಾಗಿತ್ತು. ಕಲಿತಷ್ಟೂ ತಪ್ಪುವ ದಾರಿಗಳೇ ಹೆಚ್ಚು ಕಾಣಿಸುತ್ತವಲ್ಲ!

ಆದರೂ ನರ್ಸಮ್ಮನ ಕಾರಿನಲ್ಲಿ ಎಡವಿದ್ದಳು. ಬಾಣಂತಿಯರ ಮನೆ ಮನೆಗೆ ಹೋಗಿ ತಾಯಿ-ಮಗುವನ್ನು ನೋಡಿಬರುವ ನರ್ಸಮ್ಮನಿಗೆ ಆ ಕಾರೇ ಕಾಲು. ಅದೀಗ ಏರು ಕಂಡರೆ ಸಾಕು, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಎಂಜಿನ್ನಿಗೆ ಪೆಟ್ರೋಲು ಸಾಲುತ್ತಿಲ್ಲ ಎಂದು, ಕಾರಿಗೆ ಸಿಕ್ಕಿಸಿ ನೋಡುವ ಅವಳ ಸ್ಕ್ಯಾನರು ತೋರಿಸಿತು. ಹಾಗಾದರೆ ಪಂಪಿನದೇ ತಪ್ಪು ಎಂದು ಅವಳು ಹೊಸ ಪಂಪು ಹಾಕಿದಳು. ಮರುದಿನವೇ ಕಾರು ಹಗ್ಗ ಕಟ್ಟಿಸಿಕೊಂಡು ವಾಪಸು ಬಂತು.

"ನಿನ್ನ ಡಬ್ಬಿ ಎತ್ತಿಡಮ್ಮ ಸಾಕು," ಅಂದ ಮಾವ, ಸ್ಕ್ಯಾನರಿನತ್ತ ಕೈ ತೋರಿಸಿ. "ಊಟ ಮಾಡ್ಕೊಂಡು ಬಂದು ಎಂಜಿನ್ ಬಿಚ್ತೀನಿ. ವಾಲ್ವ್ ಹೋಗಿರತ್ತೆ. ನಾಳೆಯಿಂದ ನೀನು ಕೌಂಟರಲ್ಲಿ ಕೂತ್ಕೊಂಡು ಬಿಲ್ ಬರಿ. ಬೈತಿಲ್ಲ ಕಣೇ. ಈ ಕೆಲಸ ನಿನ್ನನ್ನ ಹಿಂಡಿ ಹಾಕ್ತಿದೆ, ನೋಡೋಕಾಗಲ್ಲ ನಂಗೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಮೆತ್ತಗೆ ಹೇಳಿದ್ದು ಕರುಳಿಗೇ ತಾಗಿತು. ಈ ಗ್ರೀಸಿನ ವಾಸನೆ ಬಿಟ್ಟು ಕೌಂಟರಿನ ಗಾಜಿನ ಹಿಂದೆ ಕೂರುವುದೆಂದರೆ ಅವಳಿಗೆ ಉಸಿರು ಕಟ್ಟಿದ ಹಾಗೆ.

ಮಾವ ಊಟಕ್ಕೆ ಹೋದ. ಅವಳು ಸ್ಕ್ಯಾನರು ಹಿಡಿದು ಮತ್ತೆ ಕಾರಿನಲ್ಲಿ ಕೂತಳು. ಆ ಗ್ಯಾರೇಜಿನ ರೂಢಿಯೇ ಹಾಗೆ, ಗಾಡಿ ಬಂದರೆ ಮೊದಲು ಸ್ಟಾರ್ಟ್ ಮಾಡಬೇಕು, ಮಾವ ಕಿವಿಯಾನಿಸಿ ಕೇಳಬೇಕು, ಮಿಕ್ಕಿದ್ದೆಲ್ಲ ಆಮೇಲೆ. ಅವಳೂ ಅದೇ ರೂಢಿಗೆ ಬಿದ್ದಿದ್ದಳು. ಈಗಲೂ ಕೀ ತಿರುಗಿಸಹೊರಟವಳು ಸ್ಟಾರ್ಟ್ ಮಾಡದೆ ಅರ್ಧಕ್ಕೇ ನಿಲ್ಲಿಸಿದಳು. ‘ಎಂಜಿನ್ ಮಲಗಿರುವಾಗಲೂ ಒಮ್ಮೆ ಮಾತಾಡಿಸಿ’ ಎಂದು ಸಂಜೆ ಕ್ಲಾಸಿನ ಮೇಷ್ಟ್ರು ಹೇಳುತ್ತಿದ್ದದ್ದು ನೆನಪಾಗಿತ್ತು.

ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ ಬೆರಳುದ್ದದ ಒಂದು ಸೆನ್ಸರು ಇರುತ್ತದೆ. ಗಾಳಿಯ ಒತ್ತಡ ಅಳೆದು ಕಾರಿನ ಕಂಪ್ಯೂಟರಿಗೆ ಹೇಳುವುದು ಅದರ ಕೆಲಸ. ಗಾಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಪೆಟ್ರೋಲು. ಎಂಜಿನ್ ನಿಂತಿದ್ದರೆ ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ. ಆಗ ಆ ಸೆನ್ಸರು ಹೇಳಬೇಕಾದದ್ದು ಬಯಲಿನ ಗಾಳಿಯ ಒತ್ತಡವನ್ನು.

ಪರದೆಯ ಮೇಲೆ ಎಪ್ಪತ್ತು ಕಿಲೋಪಾಸ್ಕಲ್ ಎಂದು ಬಂತು.

ಎಪ್ಪತ್ತು ಸರಿಯೋ ತಪ್ಪೋ? ಅವಳಿಗೆ ತಿಳಿಯಲಿಲ್ಲ. ಯಾರನ್ನು ಕೇಳುವುದು? ಪಕ್ಕದಲ್ಲಿದ್ದ ಮಾವನ ಹಳೇ ವ್ಯಾನನ್ನೇ ಕೇಳಿದಳು. ತೊಂಬತ್ತೈದು. ವ್ಯಾನೇ ಸುಳ್ಳು ಹೇಳುತ್ತಿದ್ದರೆ? ಬ್ರೇಕಿಗೆಂದು ಬಂದಿದ್ದ ಶಾಲೆಯ ಹೆಡ್‌ಮೇಡಮ್ಮಿನ ಕಾರಿಗೆ ಸ್ಕ್ಯಾನರು ಸಿಕ್ಕಿಸಿದಳು. ತೊಂಬತ್ತೈದು. ಬೇಕರಿಯವನ ಗಾಡಿ. ಅದೂ ತೊಂಬತ್ತೈದು.

ಅವಳ ಮೈ ಜುಮ್ಮೆಂದಿತು. ಬೇರೆ ಬೇರೆ ಕಂಪನಿ, ಬೇರೆ ಬೇರೆ ವಯಸ್ಸು, ಒಂದರ ಮುಖ ಒಂದು ನೋಡದ ಗಾಡಿಗಳು ಒಂದೇ ಮಾತು ಆಡುತ್ತಿವೆ! ಅಂಗಳಕ್ಕೆ ಬಂದು ತಲೆಯೆತ್ತಿದಳು. ತಗಡಿನ ಸೂರು, ಅದರ ಮೇಲೆ ತಂತಿ, ತಂತಿಯ ಮೇಲೆ ಕಾಗೆ. ಅದರಾಚೆ ಯಾವ ಹಕ್ಕಿಯೂ ಮುಟ್ಟದಷ್ಟು ಎತ್ತರದವರೆಗೆ ಬರೀ ಗಾಳಿ. ಆ ಅಷ್ಟೂ ಗಾಳಿಯ ಭಾರ ಈ ಬೆರಳುದ್ದದ ವಸ್ತುಗಳ ಮೇಲೆ ಕೂತಿತ್ತು. ಅವಳ ಹೆಗಲ ಮೇಲೂ ಕೂತಿತ್ತು. ಹುಟ್ಟಿದಾಗಿನಿಂದ ಹೊತ್ತಿದ್ದಳು, ಒಂದು ದಿನವೂ ಗೊತ್ತಾಗಿರಲಿಲ್ಲ.

ಮಾವ ಕೈ ಒರೆಸಿಕೊಳ್ಳುತ್ತ ಬಂದು ಎಂಜಿನ್ ಬಿಚ್ಚಲು ಪಾನಾ ಎತ್ತಿಕೊಂಡ.

"ಮಾವ, ಈ ಕಾರು ಬೆಟ್ಟದ ಮೇಲಿದೆ."

"ಏನೇ? ಬಿಸಿಲು ನೆತ್ತಿಗೇರ್ತಾ?"

"ಹಾಗಂತ ಅದು ಅಂದ್ಕೊಂಡಿದೆ. ಅಷ್ಟೆತ್ತರದಲ್ಲಿ ಗಾಳಿ ತೆಳು ಅಲ್ವಾ, ಅದಕ್ಕೇ ಪೆಟ್ರೋಲೂ ಕಮ್ಮಿ ಬಿಡ್ತಿದೆ. ಪಂಪಿಂದೂ ತಪ್ಪಿಲ್ಲ, ವಾಲ್ವಿಂದೂ ತಪ್ಪಿಲ್ಲ. ಸುಳ್ಳು ಹೇಳ್ತಿರೋದು ಗಾಳಿ ಅಳೆಯೋ ಸೆನ್ಸರು. ಬನ್ನಿ, ತೋರಿಸ್ತೀನಿ."

ಒಂದೊಂದೇ ಗಾಡಿ ತೋರಿಸಿದಳು. ಮೂರನೆಯದರ ಹೊತ್ತಿಗೆ ಮಾವನ ದನಿ ಇಳಿದಿತ್ತು. "ಇವಕ್ಕೆ ಆಕಾಶ ಗೊತ್ತಾಗತ್ತಾ?" ಎಂದು ಮೆಲ್ಲಗೆ ಕೇಳಿದ. ಆಮೇಲೆ ಕಸುಬಿನವನ ಹಾಗೆ, "ವಯರು ಕೆಟ್ಟಿದ್ರೆ?"

"ಮೀಟರ್ ಹಿಡಿದು ನೋಡ್ದೆ. ಸೆನ್ಸರಿನವರೆಗೂ ಕರೆಂಟು ಸರಿಯಾಗೇ ಬರ್ತಿದೆ. ಎರಡು ಸಲ ನೋಡ್ದೆ."

"ಎರಡೇನಾ? ಅನುಮಾನಿಗೆ ಇವತ್ತು ಮೈ ಹುಷಾರಿಲ್ಲ," ಎಂದು ಮಾವ ಪಾನಾ ಕೆಳಗಿಟ್ಟ.

ಹೊಸ ಸೆನ್ಸರು ಕೂತ ತಕ್ಷಣ ಕಾರು ಬೆಟ್ಟದಿಂದ ಇಳಿದು ಬಂತು. ಪರದೆಯ ಮೇಲೆ ತೊಂಬತ್ತೈದು. ನರ್ಸಮ್ಮ ಅವಳನ್ನೂ ಕೂರಿಸಿಕೊಂಡು ನೀರಿನ ಟ್ಯಾಂಕಿನ ಏರು ಹತ್ತಿಸಿದಳು. ಕಾರು ಒಂದು ಸಲವೂ ಕೆಮ್ಮಲಿಲ್ಲ. "ಮೊದಲ ಸಲ ಅತ್ತ ಕೂಸನ್ನ ಕಂಡಂಗಾಯ್ತು ಕಣಮ್ಮ," ಅಂದಳು ನರ್ಸಮ್ಮ.

ಸಂಜೆ ಕಾರು ಒಪ್ಪಿಸುವ ಮುಂಚೆ ಅವಳು ಸುಮ್ಮನಿರಲಾರದೆ ಮತ್ತೊಮ್ಮೆ ನೋಡಿದಳು. ತೊಂಬತ್ನಾಲ್ಕು! ಮತ್ತೆ ತಪ್ಪಿದೆನೇ? ಕೌಂಟರಿನ ಗಾಜು ಕಣ್ಣ ಮುಂದೆ ಬಂತು. ಸ್ಕ್ಯಾನರು ಕಿತ್ತು ವ್ಯಾನಿಗೆ ಸಿಕ್ಕಿಸಿದಳು.

ತೊಂಬತ್ನಾಲ್ಕು.

ಅಷ್ಟರಲ್ಲಿ ಆಚೆಯಿಂದ ಮಾವ ಕೂಗಿದ, "ಏ, ಹೆಡ್‌ಮೇಡಮ್ಮಿಂದೂ ನೋಡು!" ಅದೂ ಅಷ್ಟೇ. ಇಬ್ಬರೂ ಒಟ್ಟಿಗೆ ತಲೆಯೆತ್ತಿದರು. ಸೂರಿನಂಚಿನಾಚೆ ಮೋಡ ಕಪ್ಪಗೆ ಏರಿ ಬರುತ್ತಿತ್ತು. ಮಳೆಗೆ ಮುಂಚೆ ಗಾಳಿ ಹಗುರಾಗಿತ್ತು, ಮೂರೂ ಗಾಡಿಗಳಿಗೆ ಅದು ಗೊತ್ತಾಗಿತ್ತು.

ಮಾವ ಮೋಡದ ಮೇಲಿನ ಕಣ್ಣು ತೆಗೆಯದೆಯೇ ಹೇಳಿದ.

"ಬಿಲ್ ಬರಿಯೋಕೆ ಬೇರೆ ಯಾರನ್ನಾದ್ರೂ ನೋಡ್ಬೇಕು. ನೀನು ಆ ಡಬ್ಬಿ ಮಾತ್ರ ಮಳೇಲಿ ನೆನೆಸ್ಬೇಡ."