ನಲ್ಲಿ ನೀರಿಲ್ಲದ ಮನೆ: ಒಂದು

ಟಿಲ್ಡನ್ ಕೌಂಟಿ ಎಂಬ ಪುಟ್ಟ ಜಿಲ್ಲೆಯ ಗ್ರಂಥಪಾಲಕಿ ವೆರ್ನಾ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ, ಕೌಂಟಿಯ ಜನ, ದುಡಿಮೆ, ವಸತಿಯ ವರದಿ ಸಿದ್ಧಪಡಿಸಿದ್ದಳು. ಗುರುವಾರ ಸಂಜೆ ಗ್ರಂಥಾಲಯದಲ್ಲಿ ಸೇರಿದ ಸಭೆಗೆ ಅದನ್ನು ಓದಿ ಹೇಳತೊಡಗಿದಳು.

“ಜನಸಂಖ್ಯೆ ಆರುನೂರ ಹನ್ನೆರಡು.”

“ಸತ್ತೋರ್ನೂ ಸೇರ್ಸಮ್ಮ, ಸಾವಿರ ಆಗ್ತೀವಿ!” ಎಂದು ದನ ಸಾಕುವ ಡುವೇನ್ ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು. ವೆರ್ನಾಳಿಗೆ ಹುರುಪೇರಿತು. ಗೋಧಿ ಬೆಳೆಯುವವರು, ಶಾಲೆಯಲ್ಲಿ ದುಡಿಯುವವರು, ಅರವತ್ತೈದು ದಾಟಿದವರು ಎಂದು ಓದುತ್ತಾ ಹೋಗಿ, ಅದೇ ದನಿಯಲ್ಲಿ, “ನಲ್ಲಿ ನೀರಿಲ್ಲದ ಮನೆ, ಒಂದು,” ಎಂದುಬಿಟ್ಟಳು.

ನಗು ನಿಂತಿತು. ಹೆಸರು ಬರೆದಿಲ್ಲವಲ್ಲ ಎಂದು ಅವಳು ಧೈರ್ಯವಾಗಿದ್ದಳು. ಆದರೆ ಆರುನೂರು ಜನರ ನಡುವೆ ‘ಒಂದು’ ಎಂದರೆ ಹೆಸರು ಹೇಳಿದಂತೆಯೇ. ತಲೆಗಳು ಒಂದೊಂದಾಗಿ ಮೂರನೆಯ ಸಾಲಿನ ಮುದುಕಿ ಓಪಲ್ ಕಡೆ ತಿರುಗಿದವು. ಪ್ರತಿ ಗುರುವಾರ ಗ್ರಂಥಾಲಯದ ನಲ್ಲಿಯಿಂದ ಎರಡು ಕ್ಯಾನು ನೀರು ಒಯ್ಯುವಾಗ ಓಪಲ್ ಎಲ್ಲರಿಗೂ ‘ಹೂಗಿಡಕ್ಕೆ’ ಎನ್ನುತ್ತಿದ್ದಳು. ಮನೆಯ ನಲ್ಲಿಗೆ ನೀರು ಬರುತ್ತಿದ್ದ ಬಾವಿ ಬತ್ತಿದ್ದನ್ನು ಹೇಳಿದ್ದು ವೆರ್ನಾಳಿಗೆ ಮಾತ್ರ, ಅದೂ ಪ್ರಶ್ನೆಪತ್ರ ತುಂಬಲೆಂದು.

ಸಭೆ ಮುಗಿದಾಗ ವೆರ್ನಾ ಬಾಗಿಲಿಗೆ ಓಡಿದಳು. “ಓಪಲ್, ನಿಲ್ಲಿ, ಕ್ಯಾನು ಕೊಡಿ. ನಾನೇ ತುಂಬ್ಕೊಂಡು ಬರ್ತೀನಿ.”

“ಬೇಡ ಕಣಮ್ಮ,” ಎಂದಳು ಓಪಲ್, ಅವಳ ಮುಖ ನೋಡದೆ. “ನನ್ ಹೂಗಿಡಕ್ಕೆ ಇವತ್ತು ಬಾಯಾರ್ಕೆ ಇಲ್ಲ.”

ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿಯುವ ಸದ್ದು ಓಪಲ್ ತನ್ನ ಟ್ರಕ್ ತಲುಪುವವರೆಗೂ ಕೇಳಿಸಿತು. ವೆರ್ನಾ ವರದಿಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲೇ ನಿಂತಳು. ಹೊರಗೆ ಹೋಗುವವರು ‘ಚೆನ್ನಾಗಿ ಓದಿದೆಯಮ್ಮ’ ಎಂದು ಹೊಗಳಿದರೂ ಅವಳು ತಲೆ ಎತ್ತಲಿಲ್ಲ.