ಗುಬ್ಬಿ ಕೋರ್ಟಿನ ಎದುರಿನ ಕೀಲಿಮಣೆ

ಖುರ್ಷಿದ್ ಪಾಷಾ ಬಾಯಿಂದ ಆಡಿದ್ದಕ್ಕಿಂತ ಬೆರಳಿಂದ ಆಡಿದ್ದೇ ಹೆಚ್ಚು. ಗುಬ್ಬಿ ಕೋರ್ಟಿನ ಎದುರು, ತಗಡು ಹೊದಿಸಿದ ಸಣ್ಣ ಕೋಣೆಯಲ್ಲಿ ಕನ್ನಡ ಟೈಪ್‌ರೈಟರ್ ಮುಂದಿಟ್ಟುಕೊಂಡು ಅವರು ಕೂತು ಇಪ್ಪತ್ತಾರು ವರ್ಷವಾಗಿತ್ತು. ಭಾಗ ಕೇಳುವ ತಮ್ಮ, ದಾರಿ ಬಿಡದ ಪಕ್ಕದ ಹೊಲದವನು, ಜೀವನಾಂಶಕ್ಕೆ ಬಂದ ಹೆಂಗಸು, ಎಲ್ಲರ ಸಂಕಟವೂ ಆ ಬೆರಳುಗಳ ಕೆಳಗೆ ಹಾದುಹೋಗಿತ್ತು. ವಕೀಲರು ಬೆನ್ನ ಹಿಂದೆ ಅತ್ತಿಂದಿತ್ತ ಅಡ್ಡಾಡುತ್ತ ಹೇಳುವರು, ಪಾಷಾ ಕೇಳುತ್ತಲೇ ಹೊಡೆಯುವರು. ನಡುವೆ ಕರಡು ಎಂಬುದಿಲ್ಲ. ಜಾಗದ ನಾಲ್ಕು ದಿಕ್ಕಿನ ಚೆಕ್ಕುಬಂದಿ ಹೇಳುವಾಗ ವಕೀಲರ ಬಾಯಲ್ಲಿ ಪೂರ್ವ ಪಶ್ಚಿಮ ಅದಲುಬದಲಾದರೆ ಬೆರಳು ನಿಂತುಬಿಡುತ್ತಿತ್ತು. ಅಷ್ಟೇ. ಆ ಮೌನವೇ ಪ್ರಶ್ನೆ. ವಕೀಲರು ತಡವರಿಸಿ ಸರಿಮಾಡಿಕೊಂಡ ಮೇಲೆ ಬೆರಳು ಮತ್ತೆ ಓಡುವುದು.

ಎರಡು ಸಾವಿರದ ಒಂದರ ಬೇಸಿಗೆಯಲ್ಲಿ ರಸ್ತೆಯ ಆಚೆ ಬದಿ ಚೈತನ್ಯ ಎಂಬ ಪದವೀಧರ ಕಂಪ್ಯೂಟರ್ ಸೆಂಟರ್ ತೆರೆದ. ಬೆಳ್ಳನೆಯ ಹಾಳೆ, ಮಸಿ ಹರಡದ ಅಕ್ಷರ, ತಿದ್ದಿದ ಗುರುತೇ ಇಲ್ಲ. ಒಬ್ಬೊಬ್ಬರಾಗಿ ವಕೀಲರು ರಸ್ತೆ ದಾಟಿದರು. ಸೆಪ್ಟೆಂಬರಿನ ಹೊತ್ತಿಗೆ ಉಳಿದವರು ಲಕ್ಷ್ಮೀನರಸಿಂಹಯ್ಯ ಒಬ್ಬರೇ. ಪಾಷಾ ಅವರಿಗೆ ಮೊದಲ ಅರ್ಜಿ ಹೊಡೆಯಲು ಕೊಟ್ಟ ಹಿರಿಯ ವಕೀಲರು ಅವರು. ಒಂದು ದಿನ ಅವರೂ ಅಡ್ಡಾಡುವುದು ಬಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

“ನೋಡು ಪಾಷಾ, ನಂಗೇನೋ ನಿನ್ ಕೈ ಸಾಕು. ಕಕ್ಷಿದಾರ್ರು ಒಪ್ಬೇಕಲ್ಲ? ಕಂಪ್ಯೂಟರ್ ಪ್ರಿಂಟು ಕೈಗೆ ಬಂದ್ರೆ ಅವ್ರಿಗೆ ಕೇಸು ಅರ್ಧ ಗೆದ್ದಂಗೆ. ದಸರಾ ರಜೆವರ್ಗೂ ನೋಡ್ತೀನಿ. ಆಮೇಲೆ ನಾನೂ ಆ ಕಡೆ ಹೋಗ್ಬೇಕಾಯ್ತದೆ.”

ಪಾಷಾ ತಲೆಯಾಡಿಸಿದರು. ಒಪ್ಪಿದ್ದಕ್ಕೋ ಕೇಳಿಸಿಕೊಂಡಿದ್ದಕ್ಕೋ ವಕೀಲರಿಗೆ ತಿಳಿಯಲಿಲ್ಲ.

ಸುದ್ದಿ ಕುಣಿಗಲ್‌ವರೆಗೂ ಹೋಯಿತು. ಅಲ್ಲಿ ಹೆದ್ದಾರಿಯ ಮೇಲೆ ಟೈರ್ ಅಂಗಡಿ ಇಟ್ಟಿದ್ದ ಬಾಮೈದ ತಾರಿಖ್ ಭಾನುವಾರ ಮನೆಗೆ ಬಂದ.

“ದುಲ್ಹೆಭಾಯಿ, ನಮ್ ಅಂಗಡಿಗೆ ಬಂದ್ಬುಡಿ. ಗಲ್ಲಾ ಹತ್ರ ಕೂತ್ಕೊಂಡ್ರೆ ಆಯ್ತು. ಲಾರಿಯೋರು ಬರ್ತಾರೆ, ಹೋಗ್ತಾರೆ. ನೀವು ಬಾಯಿ ಬಿಡೋದೂ ಬೇಕಾಗಿಲ್ಲ.”

ಒಳಗಿನಿಂದ ಮಸ್ತಾನ್ ಬೀ ತಮ್ಮನಿಗೆ ಕೂಗಿ ಹೇಳಿದರು: “ಟೈರ್ ಮಧ್ಯ ಕೂರ್ಸೋಕೆ ನನ್ ಗಂಡ ಏನು ದೃಷ್ಟಿಬೊಂಬೆನಾ?”

ಎಲ್ಲರೂ ನಕ್ಕರು. ಪಾಷಾ ಕೂಡ. ಆದರೆ ತಾರಿಖ್ ಪ್ರೀತಿಯಿಂದಲೇ ಕರೆದಿದ್ದ, ಅದೇ ಹೆಚ್ಚು ನೋಯಿಸಿತು. ಮಾತಿಲ್ಲದೆ ಕೂರುವುದು ಅವರಿಗೆ ಹೊಸದಲ್ಲ. ಕೋರ್ಟಿನ ಎದುರು ಅವರು ಸುಮ್ಮನಿದ್ದರೆ ಆ ಸುಮ್ಮನಿರುವುದರ ಒಳಗೊಂದು ಕೆಲಸ ನಡೆಯುತ್ತಿತ್ತು. ಟೈರ್ ಅಂಗಡಿಯಲ್ಲಿ ಸುಮ್ಮನಿದ್ದರೆ ಬರಿದೇ ಸುಮ್ಮನಿದ್ದಂತೆ. ಆ ಎರಡು ಮೌನಗಳ ನಡುವಿನ ಅಂತರ ಯಾರಿಗೆ ಹೇಳುವುದು? ಹೇಳಲು ಹೋದರೆ ಮಾತಾಡಬೇಕಾಗುತ್ತದೆ.

ಮರುದಿನ ಅವರು ಮಗಳು ಫಾಯಿಜಾಳನ್ನು ಕರೆದು, “ಕಂಪ್ಯೂಟರ್ ತರೋಣ,” ಎಂದರು. ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿದ್ದ ಅವಳು ಇದಕ್ಕಾಗಿಯೇ ಕಾದಿದ್ದವಳಂತೆ ಎದ್ದಳು. ಕ್ಯಾತ್ಸಂದ್ರದ ಆಫೀಸೊಂದು ಮಾರಿದ ಹಳೆಯ ಕಂಪ್ಯೂಟರ್, ಪ್ರಿಂಟರ್ ಸಮೇತ, ಆ ವಾರವೇ ತಗಡಿನ ಕೋಣೆಗೆ ಬಂತು. ಅದರಲ್ಲೇ ಒಂದು ಕನ್ನಡ ಸಾಫ್ಟ್‌ವೇರ್ ಇತ್ತು.

ಅಲ್ಲಿಂದ ಶುರುವಾಯಿತು ಅವಮಾನ. ಆ ಸಾಫ್ಟ್‌ವೇರಿನಲ್ಲಿ ‘ಕ’ ಬೇಕಾದರೆ ಇಂಗ್ಲಿಷಿನ ಕೆ ಒತ್ತಬೇಕು, ‘ಮ’ ಬೇಕಾದರೆ ಎಂ. ಇಂಗ್ಲಿಷ್ ಬಲ್ಲವರಿಗೆ ಸುಲಭ. ಪಾಷಾ ಅವರ ಬೆರಳಿಗೆ ಮಾತ್ರ ಪ್ರತಿಯೊಂದು ಅಕ್ಷರಕ್ಕೂ ಟೈಪ್‌ರೈಟರಿನಲ್ಲಿ ಒಂದು ಮನೆಯಿತ್ತು. ಈಗ ಯಾರೋ ರಾತ್ರೋರಾತ್ರಿ ಇಡೀ ಬೀದಿಯ ಬಾಗಿಲುಗಳನ್ನು ಬದಲಿಸಿದ್ದರು. ‘ನಾನು’ ಎಂದು ಹೊಡೆದರೆ ಪರದೆಯ ಮೇಲೆ ಯಾವ ಭಾಷೆಗೂ ಸೇರದ ನಾಲ್ಕು ಗುರುತು ಮೂಡುತ್ತಿದ್ದವು. ಹತ್ತು ಬೆರಳಿನ ಮನುಷ್ಯ ಒಂದು ಬೆರಳಿಗೆ ಇಳಿದರು. ಒಂದು ಪುಟಕ್ಕೆ ಒಂದೂವರೆ ಗಂಟೆ.

“ಎರಡು ತಿಂಗ್ಳಲ್ಲಿ ರೂಢಿ ಆಯ್ತದೆ ಅಬ್ಬಾ,” ಎಂದಳು ಫಾಯಿಜಾ.

“ದಸರಾಕ್ಕೆ ನಾಲ್ಕೇ ವಾರ.”

ಒಂದು ವಾರ ಹೀಗೆ ಕಳೆಯಿತು. ಎಂಟನೆಯ ದಿನ ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೆರಳುಗಳು ಮರೆತಿರಲಿಲ್ಲ. ಹಾಗಾದರೆ ತಪ್ಪು ಬೆರಳಿನದಲ್ಲ.

“ಈ ಸಾಫ್ಟ್‌ವೇರ್ ಬೇಡ. ಬೇರೆ ನೋಡೋಣ, ನಡಿ,” ಎಂದರು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಕನಕರಾಜು ಎಂಬುವನ ಅಂಗಡಿ. ಗೋಡೆ ತುಂಬ ಸಿ.ಡಿ.ಗಳು. ಕನಕರಾಜು ಮಾತಿನ ಮಲ್ಲ. ತಂದೆ ಮಗಳು ಕೂರುವಷ್ಟರಲ್ಲಿ ಮೂರು ಡಬ್ಬಿ ಮುಂದಿಟ್ಟಿದ್ದ.

“ಇದ್ರಲ್ಲಿ ಇನ್ನೂರು ಫಾಂಟು ಸಾಹೇಬ್ರೇ! ಮದ್ವೆ ಕಾರ್ಡಿಗೆ ಬಾಳೆಕಂದು, ಕಳಸ, ವಾಲಗದೋರು, ಎಲ್ಲಾ ಚಿತ್ರ ಇದಾವೆ. ಇದ್ರಲ್ಲಿ ಜಾತಕನೂ ಬರ್ತದೆ. ಹುಟ್ಟಿದ್ ಟೈಮ್ ಹಾಕಿದ್ರೆ ಕುಂಡ್ಲಿ ರೆಡಿ.”

“ನಮ್ಗೆ ಕೋರ್ಟ್ ಅರ್ಜಿ ಹೊಡೆಯೋಕೆ ಬೇಕು ಅಣ್ಣ,” ಎಂದಳು ಫಾಯಿಜಾ.

“ಕೇಸು ಗೆಲ್ತದೋ ಇಲ್ವೋ ಅಂತ ಜಾತಕದಲ್ಲೇ ನೋಡ್ಬೋದಲ್ಲಮ್ಮ!”

ಪಾಷಾ ಕಂಪ್ಯೂಟರ್ ಮುಂದೆ ಕೂತರು. ಮೊದಲ ಸಾಫ್ಟ್‌ವೇರ್ ತೆರೆಸಿದರು. ಕಣ್ಣು ಮುಚ್ಚಿ, ಸಾವಿರಾರು ಸಲ ಹೊಡೆದಿದ್ದ ಒಂದು ಸಾಲನ್ನು ಹೊಡೆದರು: ‘ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ’. ಕಣ್ಣು ತೆರೆದಾಗ ಪರದೆಯ ಮೇಲೆ ಬಡಬಡಿಕೆ. ಎರಡನೆಯದರಲ್ಲೂ ಅದೇ ಸಾಲು, ಬೇರೆ ಬಡಬಡಿಕೆ. ಕನಕರಾಜು ಮಗಳ ಕಡೆ ಬಾಗಿ ಮೆಲ್ಲಗೆ ಅಂದ: “ನಿಮ್ ತಂದೆ ವಯಸ್ಸಿಗೆ ಇದೆಲ್ಲ ಕಷ್ಟ ಕಣಮ್ಮ. ನೀನೇ ಕಲ್ತು ಹೊಡಿ.”

“ಅಬ್ಬಾ ಕಣ್ಮುಚ್ಚಿ ಹೊಡೆಯೋದ್ನ ನೀವು ಕಣ್ಬಿಟ್ಟು ಹೊಡೀರಿ ನೋಡೋಣ,” ಎಂದಳು ಅವಳು. ಅವರಿಬ್ಬರ ಜಗಳ ಅಲ್ಲಿಂದ ಬೆಳೆಯಿತು.

ಇತ್ತ ಪಾಷಾ ಮೂರನೆಯ ಡಬ್ಬಿ ಎತ್ತಿಕೊಂಡಿದ್ದರು. ಬಾಳೆಕಂದಿಲ್ಲ, ಜಾತಕವಿಲ್ಲ, ಬೂದುಬಣ್ಣದ ಬಡಪಾಯಿ ಡಬ್ಬಿ. ಒಳಗೆ ಸಿ.ಡಿ.ಯ ಜೊತೆ ಒಂದು ತೆಳ್ಳನೆಯ ಪುಸ್ತಿಕೆ. ಯಾರೂ ಬಿಡಿಸದ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೈಗೆ ಸಿಕ್ಕ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಟೈಪಿಸ್ಟನ ಹುಟ್ಟುಗುಣ. ಅವರು ಓದುತ್ತ ಹೋದರು. ಕೊನೆಯ ಪುಟದಲ್ಲಿ ಮೂರು ಕೀಲಿಮಣೆಗಳ ಚಿತ್ರವಿತ್ತು. ಮೂರನೆಯದನ್ನು ಕಣ್ಣಿಗೆ ಹತ್ತಿರ ಹಿಡಿದರು. ಅದೇ ನಾಲ್ಕು ಸಾಲು. ಅದೇ ಬೀದಿ, ಅವೇ ಬಾಗಿಲು. ಕೆಳಗೆ ‘ಟೈಪ್‌ರೈಟರ್ ವಿನ್ಯಾಸ’ ಎಂದಿತ್ತು.

ಅವರು ಪುಟದ ಮೇಲೆ ಬೆರಳಿಟ್ಟು ಕನಕರಾಜುವಿನ ಮುಂದೆ ಹಿಡಿದರು. ಜಗಳ ನಿಂತಿತು.

“ಅರೆ! ಎರಡು ವರ್ಷದಿಂದ ಮಾರ್ತಿದೀನಿ, ಇದೈತೆ ಅಂತ್ಲೇ ಗೊತ್ತಿಲ್ಲ!”

ಫಾಯಿಜಾ ಸೆಟ್ಟಿಂಗ್ ಬದಲಿಸಿದಳು. ಪಾಷಾ ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಪರದೆಯ ಮೇಲೆ ಒಂದಕ್ಷರವೂ ತಪ್ಪದೆ ನಿಂತಿತ್ತು: ‘ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ’. ಕನಕರಾಜು ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ.

ಸಂಜೆಯ ರೈಲಿನಲ್ಲಿ ಗುಬ್ಬಿಯವರೆಗೂ ಪಾಷಾ ಅವರ ಬೆರಳು ಮಂಡಿಯ ಮೇಲೆ ಆಡುತ್ತಲೇ ಇದ್ದವು.

ಮೂರು ವಾರ ದಿನಾಲೂ ಹಳೆಯ ಅರ್ಜಿಗಳ ಒಂದೊಂದು ಪುಟ ಹೊಡೆದು ಕೈ ಹದ ಮಾಡಿಕೊಂಡರು. ರಜೆಗೆ ಮುಂಚಿನ ಕೊನೆಯ ದಿನ ಮಧ್ಯಾಹ್ನ ಎರಡೂವರೆಗೆ ಲಕ್ಷ್ಮೀನರಸಿಂಹಯ್ಯ ಬೆವರುತ್ತ ರಸ್ತೆಯ ಆಚೆಯಿಂದ ದಾಟಿ ಬಂದರು. ಹಿಂದೆ ಒಬ್ಬ ಹೆಂಗಸು, ನಿಟ್ಟೂರಿನ ಮಂಜುಳಮ್ಮ.

“ಚೈತನ್ಯನ ಹತ್ರ ಹೋಗಿದ್ದೆ ಕಣಯ್ಯ, ಸುಳ್ಯಾಕೆ ಹೇಳ್ಲಿ. ಬರ್ದು ಕೊಟ್ಟೋಗಿ ಸಾರ್, ನಾಳೆ ಕೊಡ್ತೀನಿ ಅಂತಾನೆ. ನಾಳೆ ಕೋರ್ಟೆಲ್ಲೈತೆ? ಇವಮ್ಮನ ಹಿತ್ಲಲ್ಲಿ ಪಕ್ಕದ ಮನೆಯೋನು ಪಾಯ ತೋಡ್ತಾವ್ನೆ. ನಾಲ್ಕು ಗಂಟೆಯೊಳ್ಗೆ ತಡೆಯಾಜ್ಞೆ ಅರ್ಜಿ ಒಳಗೆ ಹೋಗ್ಬೇಕು. ಆಯ್ತದಾ?”

“ರಜೆ ಮುಗಿಯೋ ಹೊತ್ಗೆ ಗೋಡೆನೇ ಎದ್ದಿರ್ತದೆ ಸಾಬ್ರೇ,” ಎಂದರು ಮಂಜುಳಮ್ಮ.

“ಹೇಳಿ ಸಾರ್,” ಎಂದರು ಪಾಷಾ.

ವಕೀಲರು ಅಡ್ಡಾಡತೊಡಗಿದರು. ಕೀಲಿಗಳ ಸದ್ದು ಟೈಪ್‌ರೈಟರಿಗಿಂತ ಎಷ್ಟೋ ಮೆತ್ತಗಿತ್ತು. ಪಾಷಾ ಹೊಡೆಯುತ್ತಿದ್ದಾರೋ ಇಲ್ಲವೋ ಎಂದು ವಕೀಲರು ಎರಡು ಸಲ ಬಗ್ಗಿ ನೋಡಿದರು. ಮೂರು ಗಂಟೆ ಹತ್ತು ನಿಮಿಷಕ್ಕೆ ನಾಲ್ಕು ಪುಟ ಮುಗಿದಿತ್ತು. ಫಾಯಿಜಾ ಕೋರ್ಟಿಗೆ ಬೇಕಾದ ಉದ್ದನೆಯ ಹಾಳೆಯ ಅಳತೆ ಕೊಟ್ಟು, ಎಡಗಡೆ ಅಗಲ ಅಂಚು ಬಿಟ್ಟು, ಪ್ರಿಂಟ್ ತೆಗೆದಳು.

ಹಾಳೆ ನೋಡಲು ಎಲ್ಲರೂ ಬಗ್ಗಿದರು. ಒಂದು ಸಾಲು ಉದ್ದ, ಮುಂದಿನ ಸಾಲಿನಲ್ಲಿ ಎರಡೇ ಪದ, ಮತ್ತೆ ಉದ್ದ, ಮತ್ತೆ ಮುರುಕು. ನಾಲ್ಕು ಪುಟವೂ ಹಾಗೆಯೇ, ಇಲಿ ಕಡಿದ ಚಾಪೆಯಂತೆ.

ಫಾಯಿಜಾ ಪರದೆ ನೋಡಿ ಹಣೆ ಚಚ್ಚಿಕೊಂಡಳು. “ಅಬ್ಬಾ, ಪ್ರತಿ ಸಾಲಿನ ಕೊನೆಗೂ ಎಂಟರ್ ಹೊಡ್ದಿದೀರ!”

“ಹೊಡೀದಿದ್ರೆ ಸಾಲು ಹೆಂಗೆ ತಿರುಗ್ತದೆ?”

“ಅದೇ ತಿರುಗ್ತದೆ.”

ಇಪ್ಪತ್ತಾರು ವರ್ಷ ಪ್ರತಿ ಸಾಲಿನ ಅಂಚಿಗೆ ಬಂದಾಗಲೂ ಕೈಯೆತ್ತಿ ಯಂತ್ರದ ಮೇಲಿನ ಸಲಾಕೆಯನ್ನು ತಳ್ಳಿ ಹೊಸ ಸಾಲಿಗೆ ತಂದವರು ಅವರು. ಸಲಾಕೆ ಇಲ್ಲದ ಕಡೆ ಎಂಟರ್ ಸಿಕ್ಕಿತ್ತು, ಅದನ್ನೇ ತಳ್ಳಿದ್ದರು. ಮೂರು ವಾರ ಅಭ್ಯಾಸ ಮಾಡಿದ್ದು ಅಂಚು ಬದಲಿಸದ ಹಾಳೆಗಳ ಮೇಲೆ. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಚೈತನ್ಯ. ಏನಾಗುತ್ತಿದೆ ಎಂದು ನೋಡಲು ರಸ್ತೆ ದಾಟಿ ಬಂದಿದ್ದ. “ಫ್ಲಾಪಿಗೆ ಹಾಕ್ಕೊಡಿ ಸಾರ್, ನಮ್ಮಲ್ಲಿ ಸರಿ ಮಾಡ್ಕೊಡ್ತೀನಿ. ಒಂದ್ ಗಂಟೆ ಆಗ್ಬೋದು.”

ವಕೀಲರು ಗಡಿಯಾರ ನೋಡಿದರು, ಆಮೇಲೆ ರಸ್ತೆಯ ಆಚೆ ನೋಡಿದರು. ಪಾಷಾ ಆ ನೋಟವನ್ನು ನೋಡಿದರು. ಈಗ ಹೋದವರು ಮತ್ತೆ ಬರುವುದಿಲ್ಲ. ಫಾಯಿಜಾ ಒಂದೊಂದೇ ಎಂಟರ್ ಅಳಿಸತೊಡಗಿದ್ದಳು. ಅವಸರಕ್ಕೆ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

“ಏಳು ಫಾಯಿಜಾ,” ಎಂದರು ಪಾಷಾ. “ಹೊಸ ಹಾಳೆ ತೆಗಿ. ಅಂಚು ಮೊದ್ಲೇ ಹಾಕು.”

“ಮತ್ತೆ ನಾಲ್ಕು ಪುಟನಾ!” ಎಂದ ಚೈತನ್ಯ.

ಪಾಷಾ ಕೆಟ್ಟ ಪ್ರಿಂಟನ್ನು ಎಡಗಡೆ ಒರಗಿಸಿಟ್ಟುಕೊಂಡು ಶುರುಮಾಡಿದರು. ಮೊದಲ ಸಾಲಿನ ಅಂಚು ಬಂತು. ಕಿರುಬೆರಳು ಎಂಟರ್ ಕಡೆ ಜಿಗಿಯಿತು. ಹಿಡಿದುಕೊಂಡರು. ಹಾಗೆಯೇ ಮುಂದಿನ ಅಕ್ಷರ ಒತ್ತಿದರು. ಮೆಟ್ಟಿಲಿಲ್ಲ ಎಂದುಕೊಂಡು ಇಟ್ಟ ಕಾಲಿಗೆ ಮೆಟ್ಟಿಲು ಸಿಕ್ಕ ಹಾಗೆ ಪದ ತಾನಾಗಿ ಕೆಳಗಿನ ಸಾಲಿಗೆ ಹೋಗಿ ಕೂತಿತು. ಎರಡನೆಯ ಸಾಲಿನಲ್ಲೂ ಹಾಗೆಯೇ. ಹತ್ತನೆಯ ಸಾಲಿಗೆ ಕಿರುಬೆರಳು ಸುಮ್ಮನಾಯಿತು.

ಆಮೇಲೆ ಅವರಿಗೇ ಬೆರಗಾಗುವಂಥದ್ದು ನಡೆಯಿತು. ಸಾಲು ಸಾಲಿಗೂ ಕೈಯೆತ್ತಿ ಸಲಾಕೆ ತಳ್ಳಲು ತೆತ್ತಿದ್ದ ಹೊತ್ತು, ಇಷ್ಟು ವರ್ಷ ಕಳೆದುಕೊಂಡಿದ್ದ ಚೂರುಪಾರು ಹೊತ್ತೆಲ್ಲ, ಒಟ್ಟಾಗಿ ಕೈಗೆ ವಾಪಸು ಬಂದಂತಾಯಿತು. ನಿಲ್ಲುವ ಜಾಗವೇ ಇಲ್ಲ. ಬೆರಳುಗಳು ಹೊಲದ ಬದು ಒಡೆದ ನೀರಿನಂತೆ ಹರಿದವು. ಚೈತನ್ಯ ಬಾಗಿಲು ಬಿಟ್ಟು ಒಳಗೆ ಬಂದು ನಿಂತ.

“ಕೀಲಿಮಣೆ ನೋಡ್ತಾನೇ ಇಲ್ಲ ಇವ್ರು!”

“ಶ್!” ಎಂದರು ಮಂಜುಳಮ್ಮ.

ಮೂರನೆಯ ಪುಟದ ನಡುವೆ ಬೆರಳು ನಿಂತವು. ವಕೀಲರಿಗೆ ಆ ನಿಲುಗಡೆ ಗೊತ್ತು. “ಏನಯ್ಯ?”

“ಪಾಯ ತೋಡ್ತಿರೋ ಚಿಕ್ಕಮಾರಯ್ಯನ ಮನೆ ಪಶ್ಚಿಮಕ್ಕೆ ಅಂದಿದೀರ. ಹಿಂದಿನ ಪುಟದಲ್ಲಿ ಪೂರ್ವಕ್ಕೆ ಅಂತಿದೆ. ಆಗ ಅವಸರದಲ್ಲಿ ನಂಗೂ ತಪ್ಪಿಹೋಯ್ತು.”

“ಪೂರ್ವಕ್ಕೇ ಸಾಬ್ರೇ!” ಎಂದರು ಮಂಜುಳಮ್ಮ. “ಹೊತ್ತು ಹುಟ್ಟೋದೇ ಅವನ ಸೂರಿನ ಮೇಲೆ.”

ವಕೀಲರು ಪೆಚ್ಚಾದರು. ಹಾಗೆಯೇ ಹೋಗಿದ್ದರೆ ಎದುರು ವಕೀಲ ಅದೊಂದೇ ಪದ ಹಿಡಿದು ಅರ್ಜಿ ಬೀಳಿಸುತ್ತಿದ್ದ. ಪಾಷಾ ದಿಕ್ಕು ತಿದ್ದಿದರು. ಟೈಪ್‌ರೈಟರಿನಲ್ಲಾಗಿದ್ದರೆ ಹಾಳೆಯನ್ನೇ ಬದಲಿಸಬೇಕಿತ್ತು. ಇಲ್ಲಿ ಉಳಿದ ಪದಗಳು ಒಂಚೂರು ಸರಿದು ಜಾಗ ಕೊಟ್ಟವು, ಬಸ್ಸಿನಲ್ಲಿ ಹಿರಿಯರಿಗೆ ಸರಿದು ಕೊಡುವ ಹಾಗೆ.

ಮೂರು ನಲವತ್ತೈದಕ್ಕೆ ಕೊನೆಯ ಪುಟ ಪ್ರಿಂಟರಿನಿಂದ ಹೊರಬಂತು. ಅಂಚು ನೆಟ್ಟಗೆ, ಸಾಲು ಸಮ. ವಕೀಲರು ಮಂಜುಳಮ್ಮನ ಸಹಿ ಹಾಕಿಸಿಕೊಂಡು ಓಡಿದರು. ಐವತ್ತೆಂಟು ವರ್ಷದ ಆ ಮನುಷ್ಯ ರಸ್ತೆ ದಾಟಿ ಓಡುವುದನ್ನು ಗುಬ್ಬಿಯ ಜನ ಅದೇ ಮೊದಲು ನೋಡಿದ್ದು.

ಐದು ಗಂಟೆಗೆ ಅವರು ನಿಧಾನವಾಗಿ ವಾಪಸು ಬಂದರು. ಮುಖವೇ ಹೇಳುತ್ತಿತ್ತು. ಮಂಜುಳಮ್ಮ ಮಾತ್ರ ಕಾಯಲಿಲ್ಲ. ಬಾಗಿಲಿನಿಂದಲೇ ಕೂಗಿದರು: “ತಡೆಯಾಜ್ಞೆ ಸಿಕ್ತು ಸಾಬ್ರೇ! ಇನ್ನು ಒಂದು ಹಿಡಿ ಮಣ್ಣು ಅಲ್ಲಾಡ್ಸಂಗಿಲ್ಲ ಅವ್ನು!”

“ರಜೆ ಮುಗಿದ್ಮೇಲೆ ನಂದು ಹನ್ನೊಂದು ಕೇಸೈತೆ,” ಎಂದರು ಲಕ್ಷ್ಮೀನರಸಿಂಹಯ್ಯ. “ಎಲ್ಲಾ ಇಲ್ಲೇ. ಇನ್ನೆಲ್ಲೂ ಇಲ್ಲ.”

ಅವರ ಹಿಂದೆ ಇನ್ನಿಬ್ಬರು ವಕೀಲರು ನಿಂತಿದ್ದರು. ಬೇಸಿಗೆಯಲ್ಲಿ ಮೊದಲು ರಸ್ತೆ ದಾಟಿದವರೇ ಅವರು. ಒಬ್ಬರ ಕಂಕುಳಲ್ಲಿ ಕಾಗದದ ಕಟ್ಟು. ಚೈತನ್ಯ ತಲೆ ಕೆರೆದುಕೊಳ್ಳುತ್ತ ಕೇಳಿದ: “ಸಾಬ್ರೇ, ನಮ್ಮಲ್ಲೂ ನಾಲ್ಕು ಅರ್ಜಿ ಉಳಿದ್ಬಿಟ್ಟಿದಾವೆ. ತಂದ್ರೆ ಹೊಡ್ಕೊಡ್ತೀರಾ?”

ಫಾಯಿಜಾ ತಂದೆಯ ಮುಖ ನೋಡಿದಳು. ಪಾಷಾ ಗಟ್ಟಿಯಾಗಿ ನಕ್ಕರು. ಆ ನಗು ಅವಳಿಗೆ ಹೊಸದು. ಬೆಂಚಿನ ಮೇಲಿದ್ದ ಹಾಳೆಗಳನ್ನು ಸರಿಸಿ ಅವರೇ ಎಲ್ಲರಿಗೂ ಜಾಗ ಮಾಡಿಕೊಟ್ಟರು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಲ್ಲರ್ದೂ ಆಯ್ತದೆ. ಯಾರ್ದು ಮೊದ್ಲು?”