ಹರಕು ಕೋಟು

“ನೋಡ್ರೋ, ದೊಡ್ಡ ಗುರುಗಳು ಭಿಕ್ಷೆಗೆ ಬಂದವ್ರೆ! ಕೋಟು ನೋಡ್ರೋ!”

ಮ್ಯಾನೇಜರ್ ಗಂಗಾಧರ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಒದರಿದ. ಲೋಡಿಂಗ್ ಕಟ್ಟೆಯ ಮೇಲಿದ್ದ ತಮಿಳರು, ಬಾಂಗ್ಲಾದವರು ಯಾರೂ ತಪ್ಪಿಸಿಕೊಳ್ಳಬಾರದಲ್ಲ! ಮಾಸ್ಕುಗಳ ಹಿಂದೆ ನಗು ಎದ್ದಿತು.

ರಬ್ಬಿ ಯೆಹೀಲ್ ಎದೆಯ ಮೇಲೆ ಹರಿದ ಕೋಟಿನಲ್ಲೇ ಅವನತ್ತ ನಡೆದು ಬಂದರು. ಹಸಿದಿಕ್ ಪಂಥದ ಈ ಯಹೂದಿ ಗುರು ನ್ಯೂಯಾರ್ಕಿನಿಂದ ಬಂದವರು, ಲಾಕ್‌ಡೌನಿನಲ್ಲಿ ಇಲ್ಲೇ ಸಿಕ್ಕಿಬಿದ್ದಿದ್ದರು. ಮಲೇಷ್ಯಾದ ಈ ಕ್ಲಾಂಗ್ ಬಂದರಿನ ತಾಳೆಎಣ್ಣೆ ಟ್ಯಾಂಕುಗಳನ್ನು ನೋಡಿ, ತಮ್ಮ ಜನ ತಿನ್ನಬಹುದೆಂದು ಮೊಹರು ಒತ್ತುವುದು ಅವರ ಕೆಲಸ. ಕಬ್ಬಾಲಾ ಎಂಬ ಗೂಢವಿದ್ಯೆ ಅವರ ಉಸಿರು. ಕಾರಿನ ಹಿಂದಿನ ಸೀಟಿನಲ್ಲಿ ಅದನ್ನೇ ಓದುತ್ತ, ಕಾರ್ಖಾನೆಯ ಡ್ರೈವರ್ ಚೇತನನಿಗೆ ಹೇಳುತ್ತಿದ್ದರು, “ಸೃಷ್ಟಿಯಾಗುವಾಗಲೇ ಪಾತ್ರೆಗಳು ಒಡೆದವು. ಬೆಳಕಿನ ಕಿಡಿಗಳು ಎಲ್ಲೆಲ್ಲೋ ಬಿದ್ದವು. ಈ ಎಣ್ಣೆಯಲ್ಲೂ ಇವೆ.”

“ನಮ್ ಮ್ಯಾನೇಜರ್ ತಲೇಲೂ ಇದೆಯಾ ರಬ್ಬಿ?” ಎಂದು ಚೇತನ ಕೇಳಿದ್ದ. ಮುದುಕರು ಗಡ್ಡ ಅಲ್ಲಾಡುವಷ್ಟು ನಕ್ಕಿದ್ದರು.

ಇವತ್ತು ಕಾರು ಗೇಟಿನ ಹತ್ತಿರ ಬಂದಾಗಲೇ ರಬ್ಬಿಗೆ ಫೋನು ಬಂದಿತ್ತು. ನ್ಯೂಯಾರ್ಕಿನಲ್ಲಿ ಅವರ ತಂದೆ ಕೊರೋನಾದಲ್ಲಿ ತೀರಿಕೊಂಡಿದ್ದರು. ಕಬ್ಬಾಲಾ ಕಲಿಸಿದವರೂ ಅವರೇ. ರಬ್ಬಿ ಕಾರಿಳಿದು ನೆಟ್ಟಗೆ ನಿಂತರು. “ತಂದೆ ಸತ್ತರೆ ನಮ್ಮಲ್ಲಿ ಬಟ್ಟೆ ಹರಿದುಕೊಳ್ಳಬೇಕು. ಮೊದಲ ಸೀಳು ಬೇರೆಯವರು ಹಾಕಬೇಕು. ಇಲ್ಲಿ ನನಗೆ ಯಾರಿದ್ದಾರೆ?” ಚೇತನ ರಟ್ಟಿನ ಪೆಟ್ಟಿಗೆ ಕೊಯ್ಯುವ ಕಟರಿನಿಂದ ಕೋಟಿನ ಎಡಗಡೆ, ಎದೆಯ ಮೇಲೆ, ಒಂದಿಷ್ಟು ಕೊಯ್ದ. ಉಳಿದದ್ದನ್ನು ಅವರು ಎರಡೂ ಕೈಯಿಂದ ಹರಿದರು. ಆ ಸದ್ದು ಇನ್ನೂ ಅವನ ಕಿವಿಯಲ್ಲಿತ್ತು.

“ನನ್ನ ತಂದೆ ಹೋದರು. ಏಳು ದಿನ ನೆಲದ ಮೇಲೆ ಕೂತು ಶೋಕಿಸಬೇಕು, ಕೆಲಸ ಮಾಡುವ ಹಾಗಿಲ್ಲ,” ಎಂದಷ್ಟೇ ಗಂಗಾಧರನಿಗೆ ಹೇಳಿ ರಬ್ಬಿ ಕಾರಿನತ್ತ ಹೊರಟರು.

“ಏಳು ದಿನಾನಾ? ಹಡಗು ನಾಳೆ ಹೊರಡ್ತದಲ್ಲಾ!” ಗಂಗಾಧರ ಚೇತನನ ಕಡೆ ತಿರುಗಿದ. “ಲೇ, ಮೊಹರಿನ ಚೀಲ ಕಾರಲ್ಲೇ ಇದೆ ತಾನೆ? ತಗೊಂಬಾ. ನಾವೇ ಒತ್ತಿ ಕಳಿಸಾಣ. ಯಾರಪ್ಪಂಗೆ ಗೊತ್ತಾಯ್ತದೆ?”

“ಅವ್ರು ಟ್ಯಾಂಕೇ ನೋಡಿಲ್ಲ ಸಾರ್.”

“ಎಸ್ಸೆಸ್ಸೆಲ್ಸಿ ಫೇಲಾದೋನು ನಂಗೆ ಪಾಠ ಹೇಳ್ತೀಯಾ? ನಿನ್ ವರ್ಕ್ ಪರ್ಮಿಟ್ ನನ್ ಕೈಲಿದೆ ಮಗನೆ. ಕ್ಯಾನ್ಸಲ್ ಮಾಡಿಸ್ತೀನಿ. ಊರಿಗೆ ಹೋಗೋಕೆ ವಿಮಾನಾನೂ ಇಲ್ಲ, ಬೀದೀಲಿ ಬೀಳ್ತೀಯ. ಚೀಲ ತರ್ತೀಯೋ, ಇಲ್ವೋ?”

ಕಟ್ಟೆಯ ಮೇಲೆ ಈಗ ಯಾರೂ ನಗುತ್ತಿರಲಿಲ್ಲ. ಚೇತನನ ಕೈ ಜೇಬಿಗೆ ಹೋಯಿತು. ಹೊರಗೆ ಬಂದದ್ದು ಕಟರು. ಗಂಗಾಧರ ಒಂದು ಹೆಜ್ಜೆ ಹಿಂದೆ ಸರಿದ. ಅಲಗಿಗೆ ಕೋಟಿನ ಕಪ್ಪು ನೂಲೊಂದು ಸಿಕ್ಕಿಕೊಂಡಿತ್ತು. ಚೇತನ ಅದನ್ನೇ ನೋಡಿದ. ಅಲಗನ್ನು ಒಳಕ್ಕೆ ಸರಿಸಿ, ಕಟರನ್ನು ಜೇಬಿಗಿಟ್ಟು, “ತರಲ್ಲ ಸಾರ್,” ಎಂದು ತಿರುಗಿ ನಡೆದ.

ಹಿಂದಿನಿಂದ ಬೈಗುಳ ಬರುತ್ತಲೇ ಇತ್ತು. ಕಾರಿನ ಪಕ್ಕ, ಎಣ್ಣೆ ಸುರಿದು ಕಪ್ಪಾದ ಸಿಮೆಂಟಿನ ಮೇಲೆ, ರಬ್ಬಿ ನೆಲಕ್ಕೆ ಕೂತಿದ್ದರು.